ಓಡದ ಜಿಂಕೆಗಳು

ಆ ಹಿಂಡಿಗೆ ಹನ್ನೊಂದು ಹೆಜ್ಜೆಯಷ್ಟು ಹತ್ತಿರ ಹೋಗಿ ಕೂರಲು ಅವಳಿಗೆ ಮೂರು ವರ್ಷ ಹಿಡಿಯಿತು.

ಮೊದಲ ವರ್ಷ ಅವಳು ಕಂಡದ್ದೆಲ್ಲ ಜಿಂಕೆಗಳ ಬೆನ್ನನ್ನೇ. ಗುಡ್ಡದಾಚೆಯ ಹುಲ್ಲುಬಯಲಿಗೆ ಕಾಲಿಡುವ ಮೊದಲೇ ಯಾವುದೋ ಒಂದು ಹೆಣ್ಣು ಕತ್ತೆತ್ತಿ ಮುಂಗಾಲು ಅಪ್ಪಳಿಸುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಯಲಿಗೆ ಬಯಲೇ ಖಾಲಿ. ವಾರದಲ್ಲಿ ಆರು ದಿನ ಅವಳದು ಪೇಟೆಬೀದಿಯ ಸ್ಟುಡಿಯೋ. ಅರ್ಜಿಗೆ, ಗುರುತಿನ ಚೀಟಿಗೆ, ಪಾಸ್‌ಪೋರ್ಟಿಗೆ ಅಂತ ಬಂದವರನ್ನು ನೀಲಿ ಪರದೆಯ ಮುಂದೆ ಕೂರಿಸಿ ಫೋಟೋ ತೆಗೆಯುವ ಕೆಲಸ. ಮಂಗಳವಾರ ಬಾಗಿಲಿಗೆ ಬೀಗ ಹಾಕಿ, ಕ್ಯಾಮೆರಾ ಹೊತ್ತು ಕಾಡಿಗೆ ಹೋದರೆ, ಸಂಜೆ ವಾಪಸ್ ತರುತ್ತಿದ್ದದ್ದು ಬಟ್ಟೆಗೆ ಅಂಟಿದ ಮುಳ್ಳುಬೀಜಗಳನ್ನು ಮಾತ್ರ.

“ಫೋಟೋ ಅಷ್ಟೇ ಬೇಕಿದ್ರೆ ಹೇಳು ಅಕ್ಕ, ಎರಡು ಕೊಂಬೆ ತಲೆಗೆ ಕಟ್ಕೊಂಡು ನಾನೇ ನಿಲ್ತೀನಿ” ಎಂದು ತಮ್ಮ ಛೇಡಿಸುತ್ತಿದ್ದ.

ಸ್ಟುಡಿಯೋದ ಎದುರು ಬದಿಯಲ್ಲೇ ಅವನ ಲಾರಿ ಗ್ಯಾರೇಜು. ಅಪ್ಪ ಸತ್ತಾಗ ಅವನಿಗೆ ಏಳು ವರ್ಷ, ಅವಳಿಗೆ ಹದಿನೇಳು. ಅವನನ್ನು ಎತ್ತಿ ಆಡಿಸಿ, ಬೈದು ಬಡಿದು ಬೆಳೆಸಿದವಳು ಅವಳೇ. ಅವಳ ಗಂಡ ತೀರಿಕೊಂಡ ಮೇಲೆ ಸ್ಟುಡಿಯೋದ ಹಿಂದಿನ ಎರಡು ಕೋಣೆಗಳಲ್ಲಿ ಅಮ್ಮ, ತಮ್ಮ, ಅವಳು, ಹೀಗೆ ಮೂವರದೇ ಸಂಸಾರ. ತಮ್ಮನಿಗೆ ಮೂವತ್ತೈದು ದಾಟಿದ್ದರೂ ಊಟಕ್ಕೆ ಕೂತರೆ ತಟ್ಟೆ ಇಡಬೇಕಾದವಳು ಅಕ್ಕನೇ.

ಎರಡನೆಯ ವರ್ಷ ಅವಳು ಕಲಿಯತೊಡಗಿದಳು. ಗಾಳಿ ಮುಖಕ್ಕೆ ಬಡಿಯುವಂತೆ ನಡೆಯಬೇಕು, ಬೆನ್ನಿಗಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ನಿಂತರೆ ಮನುಷ್ಯ, ಕೂತರೆ ಕಲ್ಲು. ಅಪ್ಪನ ಹಳೆಯ ಮಣ್ಣುಬಣ್ಣದ ಕೋಟೊಂದನ್ನು ಇದಕ್ಕೇ ಮೀಸಲಿಟ್ಟಳು. ಅದನ್ನು ಒಗೆಯಲಿಲ್ಲ, ಜಿಂಕೆಗಳು ಮಲಗೆದ್ದ ಹುಲ್ಲಿನಲ್ಲಿ ಹೊರಳಾಡಿಸಿ ತಂದು ಹಿಂದಿನ ಕೋಣೆಯ ಮೊಳೆಗೆ ನೇತುಹಾಕುತ್ತಿದ್ದಳು. “ಇದರ ನಾತಕ್ಕೆ ನನಗೆ ಅನ್ನ ಇಳಿಯಲ್ಲ” ಎಂದು ಅಮ್ಮ ಗೊಣಗುತ್ತಿದ್ದಳು. ಕುಳಿತಲ್ಲೇ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಮೆಲ್ಲಗೆ ಲೊಚ ಲೊಚ ಎನಿಸುವುದನ್ನು ರೂಢಿಸಿಕೊಂಡಳು. ಆ ಸದ್ದು ಕೇಳಿದರೆ ಕೇಡೇನೂ ಬರುವುದಿಲ್ಲ ಎಂಬುದು ಜಿಂಕೆಗಳಿಗೆ ವಾರ ವಾರವೂ ಖಾತ್ರಿಯಾಗುತ್ತ ಹೋಯಿತು.

ಮೂರನೆಯ ವರ್ಷ ಅವು ಅವಳನ್ನು ಬಿಟ್ಟುಕೊಂಡವು. ಎಡಕಿವಿ ಹರಿದಿದ್ದ ಮುದಿ ಹೆಣ್ಣೊಂದು ಎಲ್ಲಕ್ಕಿಂತ ಮೊದಲು ಅವಳ ಪಕ್ಕದಲ್ಲೇ ಮೇಯತೊಡಗಿತು. ಅದು ಬಂದ ಮೇಲೆ ಉಳಿದವೂ ಬಂದವು. ಹಿಂಡಿನ ಯಜಮಾನನಂತಿದ್ದ ಭಾರಿ ಗಂಡು ಮಾತ್ರ ಬಹಳ ದಿನ ಬಿಗುಮಾನದಿಂದ ದೂರ ನಿಂತೇ ನೋಡುತ್ತಿತ್ತು. ಮದುವೆಮನೆಗೆ ಕರೆಯದೆ ಬಂದವರನ್ನು ನೋಡುವ ಹಿರಿಯರ ಹಾಗೆ ಅದರ ನೋಟ. ಅವಳು ಅದಕ್ಕೆ ದೊಡ್ಡಪ್ಪ ಎಂದು ಹೆಸರಿಟ್ಟಳು. ಒಂದು ಮಂಗಳವಾರ ಬೆಳಿಗ್ಗೆ ದೊಡ್ಡಪ್ಪ ಹನ್ನೊಂದು ಹೆಜ್ಜೆ ದೂರಕ್ಕೆ ಬಂದು, ಕತ್ತು ಚಾಚಿ, ಅವಳ ವಾಸನೆ ಹಿಡಿದು ನಿಂತಿತು. ಅವಳು ಉಸಿರು ಬಿಗಿಹಿಡಿದು ಬಟನ್ ಒತ್ತಿದಳು. ಚಿತ್ರದಲ್ಲಿ ಅದರ ಕಣ್ಣಿನ ಕಪ್ಪಿನೊಳಗೆ ಬಯಲು, ಆಕಾಶ, ಸಾಸಿವೆಯಷ್ಟು ಸಣ್ಣಗೆ ಅವಳೂ ಬಿದ್ದಿದ್ದಳು.

ಆ ಚಿತ್ರ ಪತ್ರಿಕೆಯೊಂದರ ಮುಖಪುಟದಲ್ಲಿ ಬಂತು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಉಬ್ಬಿದವನು ತಮ್ಮ. ಅದನ್ನು ಕಟ್ಟು ಹಾಕಿಸಿ ಗ್ಯಾರೇಜಿನ ಗೋಡೆಗೆ ನೇತುಹಾಕಿದ. ಅಂದಿನ ಊಟದಲ್ಲಿ, “ಅಷ್ಟು ಹತ್ತಿರ ಹೆಂಗೆ ಹೋದೆ ಅಕ್ಕ? ಸುಮ್ನೆ ಹೇಳ್ಬೇಡ, ಮೊದಲಿಂದ ಹೇಳು” ಎಂದು ಪಟ್ಟು ಹಿಡಿದ. ಇಷ್ಟು ವರ್ಷ ಇವನು ಕೇಳಲಿ ಎಂದೇ ಕಾದಿದ್ದವಳ ಹಾಗೆ ಅವಳು ಎಲ್ಲವನ್ನೂ ಹೇಳಿದಳು. ಗಾಳಿ, ಕೋಟು, ಕೂರುವ ಬಗೆ, ನಾಲಿಗೆಯ ಸದ್ದು. ಅವನು ಅನುಕರಿಸಿ ತೋರಿಸಿದ; ಅವಳು ತಿದ್ದಿದಳು. ಮೂರು ನಾಲ್ಕು ಸಲಕ್ಕೆ ಅವನಿಗೆ ಸರಿಯಾಗಿ ಬಂತು. ಇಬ್ಬರೂ ನಕ್ಕರು.

ಮುಂದಿನ ತಿಂಗಳ ಒಂದು ಮಂಗಳವಾರ ಮೊಳೆಯಿಂದ ಕೋಟು ತೆಗೆದು ತೋಳು ತೂರಿಸುವಾಗ ಅವಳ ಮೂಗಿಗೆ ಸೋಪಿನ ವಾಸನೆ ಬಡಿಯಿತು. ಎರಡು ವರ್ಷ ನೀರು ಕಾಣದ ಕೋಟು. ಎರಡೂ ತೋಳುಗಳ ತುದಿಯನ್ನು ಯಾರೋ ತಿಕ್ಕಿ ತೊಳೆದಿದ್ದರು. ಅಮ್ಮನೇ ಇರಬೇಕೆಂದುಕೊಂಡು, ಬೈಯಲು ಹೊತ್ತಿಲ್ಲದೆ ಹಾಗೆಯೇ ಹೊರಟಳು.

ಬಯಲಿನ ಅಂಚಿಗೆ ಬರುವಾಗಲೇ ನೊಣಗಳ ಸದ್ದು ಕೇಳಿತು. ಅವಳು ಯಾವಾಗಲೂ ಕೂರುತ್ತಿದ್ದ ಬಂಡೆಯ ಪಕ್ಕದ ಹುಲ್ಲು ಚಪ್ಪಟೆಯಾಗಿ, ಕಪ್ಪಾಗಿ, ಗಟ್ಟಿ ಕಟ್ಟಿತ್ತು. ಕರುಳಿನ ರಾಶಿಯನ್ನು ನರಿಗಳು ಎಳೆದಾಡಿದ್ದವು. ಅದರಾಚೆ ಎರಡು ತಲೆಗಳಿದ್ದವು. ಒಂದರದು ಹರಿದ ಕಿವಿ. ಕತ್ತಿನ ಹಿಂದೆ ಏಟು ಬಿದ್ದಿತ್ತು, ಒಂದಲ್ಲ, ಐದಾರು. ಮೊಂಡ ಮಚ್ಚಿನಿಂದ ಕಟ್ಟಿಗೆ ಸೀಳಿದ ಹಾಗೆ ಮೂಳೆ ಚೂರು ಚೂರಾಗಿತ್ತು. ಗರ್ಭದಲ್ಲಿದ್ದ ಮರಿಯನ್ನು ಕಿತ್ತು ಬದಿಗೆ ಎಸೆದಿದ್ದರು.

ಅವಳು ಮಂಡಿಯೂರಿ ನೆಲ ನೋಡಿದಳು. ಹೆಜ್ಜೆಗಳನ್ನು ಓದುವುದು ಅವಳಿಗೆ ಗೊತ್ತಿತ್ತು. ಓಡುವ ಜಿಂಕೆಯ ಗೊರಸು ಮಣ್ಣು ಕಿತ್ತು ಹಿಂದಕ್ಕೆ ಚಿಮ್ಮಿಸುತ್ತದೆ. ಬಂಡೆಯತ್ತ ಬಂದ ಹೆಜ್ಜೆಗಳಲ್ಲಿ ಹಾಗೇನೂ ಇರಲಿಲ್ಲ. ಹರಿದ ಕಿವಿಯವಳು ನಡೆದು ಬಂದಿದ್ದಳು, ಮೆಲ್ಲಗೆ, ಅಡ್ಡಾಡಿಕೊಂಡು, ಬಂಡೆಯ ಬಳಿಗೆ. ಬಂಡೆಯ ಮೇಲೆ ಕೂತವನ ಬೂಟಿನ ಗುರುತು ಮಣ್ಣಿನಲ್ಲಿ ಅಚ್ಚೊತ್ತಿತ್ತು. ಹಿಮ್ಮಡಿಯಲ್ಲಿ ಟೈರಿನ ಪಟ್ಟಿ ಹೊಡೆದ ಬೂಟು. ಆ ಬೂಟನ್ನು ದಿನವೂ ಮನೆಯ ಹೊಸ್ತಿಲ ಹೊರಗೆ ಸರಿಸಿಡುತ್ತಿದ್ದವಳು ಅವಳೇ.

ಅವಳು ವಾಪಸ್ ಬಂದಾಗ ಗ್ಯಾರೇಜಿನಲ್ಲಿ ಲಾರಿಯೊಂದು ಜಾಕಿಯ ಮೇಲೆ ನಿಂತಿತ್ತು. ತಮ್ಮ ಚಕ್ರದ ಅಂಚಿಗೆ ಬಲಗೈ ಊರಿ ಬಗ್ಗಿ ಒಳಗೇನೋ ನೋಡುತ್ತಿದ್ದ.

“ಕೋಟು ಒಗೆದೆಯಾ?” ಎಂದಳು.

ಅವನು ತಲೆಯೆತ್ತಿ ಅವಳ ಮುಖ ನೋಡಿದ. ನಗಲು ಹೋದವನು ಅರ್ಧಕ್ಕೇ ಬಿಟ್ಟ. “ಗೊತ್ತಾಯ್ತಾ? ಬೇಜಾರ್ ಮಾಡ್ಕೋಬೇಡ ಅಕ್ಕ. ಗೆಳೆಯರ ಹತ್ರ ನಿನ್ನ ವಿಷಯ ಕೊಚ್ಕೊಂಡೆ. ನಮ್ಮಕ್ಕ ಕರೆದ್ರೆ ಜಿಂಕೆ ಬರ್ತವೆ, ನಾನು ಕರೆದ್ರೂ ಬರ್ತವೆ ಅಂದೆ. ಅವರು ನಂಬಲಿಲ್ಲ. ಕೈಯಲ್ಲಿ ಹಿಡಿದು ತೋರ್ಸು ಅಂದ್ರು. ಮಾತಿಗೆ ಮಾತು ಬೆಳೀತು.”

“ಕತ್ತು ಕಡಿದೆ.”

“ಬಂದೂಕು ಒಯ್ದಿದ್ರೆ ಸದ್ದಾಗ್ತಿತ್ತು. ಒಂದಕ್ಕೆ ಏಟು ಬಿದ್ದಾಗ ಉಳಿದವು ಚೆದುರಿದ್ವು. ನಾಲಿಗೆ ಲೊಚಗುಟ್ಟಿದೆ ನೋಡು, ಹಂಗೇ ತಿರುಗಿ ನಿಂತ್ಕೊಂಡ್ವು. ಗಂಟೆ ಹೊತ್ತು ಕೂತೆ. ಇನ್ನೊಂದು ತಾನಾಗೇ ಬಂತು.” ಅವನ ದನಿಯಲ್ಲಿ ಈಗಲೂ ಬೆರಗಿತ್ತು.

ವೀಲ್ ಸ್ಪ್ಯಾನರ್ ಅವಳ ಕಾಲ ಬಳಿಯೇ ಬಿದ್ದಿತ್ತು. ಅವಳು ಅದನ್ನೆತ್ತಿ ಚಕ್ರದ ಅಂಚಿನ ಮೇಲಿದ್ದ ಅವನ ಕೈ ಮೇಲೆ ಬೀಸಿದಳು. ಬೆರಳ ಮೂಳೆಗಳು ಮುರಿದದ್ದು ಇಬ್ಬರಿಗೂ ಕೇಳಿಸಿತು. ಅವನು ಕೂಗುವ ಮೊದಲೇ ಎರಡನೆಯ ಏಟು ಮಣಿಕಟ್ಟಿಗೆ ಬಿತ್ತು. ಮೂರನೆಯದಕ್ಕೆ ಅವಳು ಕೈಯೆತ್ತಿದಾಗ ಅವನು ಎಡಗೈಯಲ್ಲಿ ಅವಳ ಕೂದಲು ಹಿಡಿದು, ಎಳೆದು, ಲಾರಿಯ ಬಾಗಿಲಿಗೆ ಮುಖ ಬಡಿದ. ಅವಳ ಮೇಲ್ತುಟಿ ಸೀಳಿತು, ಮುಂದಿನ ಹಲ್ಲೊಂದು ಅಲುಗಿತು. ಅವಳು ಸ್ಪ್ಯಾನರ್ ಬಿಡಲಿಲ್ಲ. ಕೈಗೆ ಸಿಕ್ಕಲ್ಲಿಗೆ, ಅವನ ಪಕ್ಕೆಗೆ, ಮಂಡಿಗೆ ಬಡಿದಳು. ಕೆಲಸದವರು ನಾಲ್ವರು ಓಡಿಬಂದು ಇಬ್ಬರನ್ನೂ ಬಿಡಿಸಬೇಕಾಯಿತು.

ತಮ್ಮ ನೆಲಕ್ಕೆ ಕುಸಿದು ಮುರಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದ. ಮುಖ ಬಿಳುಚಿತ್ತು. “ನಾನು ಕಡಿದೆ, ಸರಿ” ಎಂದ ಏದುಸಿರು ಬಿಡುತ್ತ. “ಮನುಷ್ಯ ಬಂದ್ರೆ ಓಡಬೇಡಿ ಅಂತ ಅವಕ್ಕೆ ಕಲಿಸಿದ್ಯಾರು? ನಾನಾ?”

ಅವಳು ತುಟಿಯ ರಕ್ತವನ್ನು ಕೋಟಿನ ತೋಳಿಗೆ ಒರೆಸಿದಳು.

“ಬರೋ ಭಾನುವಾರ ಆ ಗೆಳೆಯರೆಲ್ಲ ಹೋಗ್ತಾರಂತೆ. ಹತ್ತು ಜನ. ಸದ್ದು ಹೊರಡಿಸೋದು ಅವರಿಗೂ ಗೊತ್ತಾಗಿದೆ. ನನ್ನ ಕೈ ಮುರಿದ್ರೆ ಏನಾಯ್ತು, ಅವರ ಕೈ ನೆಟ್ಟಗಿದೆ.”

ಮರುದಿನ ಅವಳು ಊದಿದ ತುಟಿಯಲ್ಲೇ ಅರಣ್ಯ ಚೌಕಿಗೆ ಹೋದಳು. ಅಲ್ಲಿನ ಗಾರ್ಡ್ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಮೂರು ಗುಡ್ಡಗಳಿಗೆ ಅವನೊಬ್ಬನೇ ಕಾವಲು. ಎರಡು ತಲೆಗಳ ವಿಷಯ ಅವನಿಗಾಗಲೇ ಗೊತ್ತಾಗಿತ್ತು.

“ಯಾರ ಕೆಲಸ ಅಂತ ಗೊತ್ತೇನಮ್ಮ?”

“ಭಾನುವಾರ ಮತ್ತೆ ಬರ್ತಾರೆ. ಹತ್ತು ಜನ” ಎಂದಷ್ಟೇ ಹೇಳಿದಳು.

ಗಾರ್ಡ್ ಅವಳ ತುಟಿ ನೋಡಿದ, ಹೆಚ್ಚು ಕೇಳಲಿಲ್ಲ. “ಒಂದು ಕಡೆ ನಿಂತ್ರೆ ಇನ್ನೊಂದು ಕಡೆಯಿಂದ ನುಗ್ತಾರೆ. ಓಡೋ ಜಿಂಕೆನ ಕಾಯಬಹುದು. ಅರ್ಧ ಕಾವಲು ಅದರ ಕಾಲೇ ಮಾಡುತ್ತೆ. ಓಡದೇ ಇರೋದನ್ನ ನಾನೆಲ್ಲಿಂದ ಕಾಯಲಿ, ನೀವೇ ಹೇಳಿ.”

“ಓಡೋದನ್ನ ನಾನೇ ಕಲಿಸ್ತೀನಿ” ಎಂದಳು.

“ಈಗ ಬೆದೆಗಾಲ ತಾಯಿ. ಆ ದೊಡ್ಡ ಗಂಡು ಮೈತುಂಬ ಕೆಸರು ಬಳ್ಕೊಂಡು ಗುಟುರು ಹಾಕ್ತಾ ತಿರುಗ್ತಿದೆ. ಮೊನ್ನೆ ಇನ್ನೊಂದು ಗಂಡಿನ ಹೊಟ್ಟೆ ಸೀಳ್ತು. ಹೆದರೋ ಗಂಡು ಈ ಕಾಲದಲ್ಲೂ ಮನುಷ್ಯನ್ನ ಕಂಡ್ರೆ ಓಡುತ್ತೆ. ಪತ್ರಿಕೇಲಿ ಬಂದ ನಿಮ್ಮ ದೊಡ್ಡಪ್ಪನಿಗೆ ಹೆದರಿಕೆನೇ ಇಲ್ಲ. ಮೈಮೇಲೆ ಬರುತ್ತೆ.”

ಅವಳು ಶುಕ್ರವಾರ ಹೋದಳು. ಗಾರ್ಡ್ ಬೇಡ ಬೇಡವೆನ್ನುತ್ತಲೇ ಜೀಪು ತಂದು ಬಯಲಿನ ಕೆಳಗೆ ನಿಲ್ಲಿಸಿಕೊಂಡು ಕೂತ. ಅವಳ ಚೀಲದಲ್ಲಿ ಕ್ಯಾಮೆರಾ ಇರಲಿಲ್ಲ, ಮುಷ್ಟಿಗಾತ್ರದ ಕಲ್ಲುಗಳಿದ್ದವು. ಕೈಯಲ್ಲಿ ಟ್ರೈಪಾಡಿನಿಂದ ಬಿಚ್ಚಿದ ಕಬ್ಬಿಣದ ಕಾಲು. ಮೈಮೇಲೆ ಅದೇ ಕೋಟು. ಬರಿದೇ ಬೆದರಿಸಿ ಓಡಿಸಿದರೆ ಸಾಲದು, ಕೋಟು ಕಂಡರೆ, ಆ ಸದ್ದು ಕೇಳಿದರೆ, ಮನುಷ್ಯನ ವಾಸನೆ ಬಡಿದರೆ ಅವಕ್ಕೆ ಜೀವ ಹಾರಬೇಕು. ಕರೆದು ಹೊಡೆಯಬೇಕು.

ಬಂಡೆಯ ಮೇಲೆ ಕೂತು ನಾಲಿಗೆ ಲೊಚಗುಟ್ಟಿದಳು. ಹಿಂಡು ದೂರದ ಮರಗಳ ಅಂಚಿನಲ್ಲಿತ್ತು. ಮೊದಲು ಅನುಮಾನಿಸಿದವು. ಮತ್ತೆ ಲೊಚಗುಟ್ಟಿದಳು. ಒಂದು ಪ್ರಾಯದ ಹೆಣ್ಣು ಮರಿಯನ್ನು ಬೆನ್ನಿಗೆ ಬಿಟ್ಟುಕೊಂಡು ಬಂತು, ಹಿಂದೆ ಇನ್ನಾರು. ಇಪ್ಪತ್ತು ಹೆಜ್ಜೆ. ಹದಿನೈದು. ಹೆಣ್ಣು ಕತ್ತು ಬಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು.

ಅವಳೆಸೆದ ಕಲ್ಲು ಅದರ ಹಣೆಗೆ ಬಿತ್ತು. ಅದು ಮುಂಗಾಲು ಮಡಿಚಿ ಕುಸಿದು, ಎದ್ದು, ತತ್ತರಿಸಿತು. ಹುಬ್ಬಿನ ಮೇಲಿಂದ ರಕ್ತ ಇಳಿದು ಕಣ್ಣು ತುಂಬಿತು. ಹಿಂಡು ಹತ್ತು ಹೆಜ್ಜೆ ಹಿಂದೆ ಹಾರಿ ನಿಂತಿತು. ನಿಂತು ಅವಳನ್ನೇ ನೋಡಿತು.

“ಹೋಗಿ” ಎಂದಳು. ಹೋಗಲಿಲ್ಲ.

ಅವಳು ಮತ್ತೆ ಲೊಚಗುಟ್ಟಿದಳು. ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಮರಿ ಎರಡು ಹೆಜ್ಜೆ ಮುಂದೆ ಬಂತು. ಎರಡನೆಯ ಕಲ್ಲು ಅದರ ಹಿಂಗಾಲಿಗೆ ಬಡಿಯಿತು. ಅದು ಕೂಸಿನಂತೆ ಕಿರುಚಿತು. ಅವಳು ಎದ್ದು ಅಳುತ್ತ, ಬೈಯುತ್ತ, ಕಲ್ಲಿನ ಮೇಲೆ ಕಲ್ಲು ಬೀಸುತ್ತ ಹಿಂಡಿನ ನಡುವೆಯೇ ನುಗ್ಗಿದಳು. ಒಂದರ ಬೆನ್ನಿಗೆ, ಇನ್ನೊಂದರ ಮೂತಿಗೆ. ಸಿಕ್ಕಿದ್ದನ್ನು ಕಬ್ಬಿಣದ ಕಾಲಿನಿಂದ ಬಾರಿಸಿದಳು. ಕಲ್ಲು ಮುಗಿಯಿತು. ಹೆಣ್ಣುಗಳು ಮರಗಳ ಕಡೆ ಹಾರಿದವು. ಕುಂಟುವ ಮರಿ ಕೊನೆಯಲ್ಲಿ.

ಆಗ ಬಲಗಡೆಯ ಪೊದೆಗಳು ಮುರಿದವು.

ದೊಡ್ಡಪ್ಪನ ಮೈಗೆ ಕೆಸರು ಒಣಗಿ ಹಕ್ಕಳೆ ಕಟ್ಟಿತ್ತು. ಕೊಂಬಿಗೆ ಕಿತ್ತ ಬಳ್ಳಿ ಸುತ್ತಿಕೊಂಡಿತ್ತು. ಅದು ತಲೆ ತಗ್ಗಿಸಿದ್ದನ್ನು ಅವಳು ಕಂಡಳು. ಬಂದದ್ದನ್ನು ಕಾಣಲಿಲ್ಲ. ಬೆನ್ನು ನೆಲಕ್ಕೆ ಬಡಿದಾಗಲೇ ಗೊತ್ತು. ಒಂದು ಕವಲು ಎಡತೊಡೆಗೆ ಹೊಕ್ಕಿತ್ತು. ನೋವಿರಲಿಲ್ಲ, ಭಾರವಿತ್ತು; ಯಾರೋ ತೊಡೆಯನ್ನು ನೆಲಕ್ಕೆ ಗೂಟ ಹೊಡೆದ ಹಾಗೆ. ಗಂಡು ತಲೆ ಕೊಡವಿದಾಗ ನೋವು ಬಂತು. ಅವಳನ್ನು ಎತ್ತಿ, ಒಗೆದು, ಮತ್ತೆ ಮೇಲೆ ಬಿತ್ತು. ಅವಳು ಎರಡೂ ಕೈಗಳಲ್ಲಿ ಕೊಂಬು ಹಿಡಿದಳು. ಅದರ ಬಿಸಿ ಉಸಿರು, ಮೂತ್ರದ ಘಾಟು, ಬಾಯಿಯ ನೊರೆ ಎಲ್ಲವೂ ಅವಳ ಮುಖದ ಮೇಲೆ. ಅದು ಅವಳನ್ನು ಹುಲ್ಲಿನಲ್ಲಿ ಅಗೆಯುತ್ತ ಹಿಂದಕ್ಕೆ ತಳ್ಳಿಕೊಂಡು ಹೋಯಿತು. ಪಕ್ಕೆಯ ಮೂಳೆ ಮುರಿಯಿತು. ಗೊರಸು ಬೆರಳುಗಳ ಮೇಲೆ ಬಿತ್ತು.

ಕಬ್ಬಿಣದ ಕಾಲನ್ನು ಬಾರಿನಿಂದ ಮಣಿಕಟ್ಟಿಗೆ ಬಿಗಿದುಕೊಂಡಿದ್ದಳು, ಅದರಿಂದ ಅದು ಕೈತಪ್ಪಿ ಹೋಗಿರಲಿಲ್ಲ. ಅವಳು ಒಂದು ಕೈಯನ್ನು ಕೊಂಬಿನಿಂದ ಬಿಡಿಸಿ, ಅದನ್ನು ಮೊಟಕಾಗಿ ಹಿಡಿದು ಚುಚ್ಚಿದಳು. ಕತ್ತಿಗೆ ತಗುಲಿ, ಕೆಸರಿನ ಹಕ್ಕಳೆಯಲ್ಲಿ ಜಾರಿತು. ಮತ್ತೆ ಚುಚ್ಚಿದಳು. ಈ ಸಲ ಮೆತ್ತಗೆ ಒಳಗೆ ಹೋಯಿತು. ಕಣ್ಣು.

ಗಂಡು ಜಿಂಕೆ ಅಂಥ ಸದ್ದು ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅದು ನೆಟ್ಟಗೆ ಹಿಂಗಾಲಿನ ಮೇಲೆ ಎದ್ದು, ಪಕ್ಕಕ್ಕೆ ಉರುಳಿ, ಎದ್ದು, ಮರಗಳಿಗೆ ಡಿಕ್ಕಿ ಹೊಡೆಯುತ್ತ ಓಡಿತು. ಹಿಂಡು ಅದರ ಹಿಂದೆ ದಡದಡನೆ ಇಳಿದು ಹೋಯಿತು. ಈ ಸಲ ಯಾವುದೂ ನಿಂತು ತಿರುಗಿ ನೋಡಲಿಲ್ಲ.

ಅವಳು ಕೋಟಿನ ತೋಳು ಹರಿದು ತೊಡೆಗೆ ಬಿಗಿದಳು. ಗಾರ್ಡ್ ಓಡಿ ಬರುವಷ್ಟರಲ್ಲಿ ಅವಳ ಕೆಳಗಿನ ಹುಲ್ಲು ತೊಯ್ದಿತ್ತು. ಅವನು ಗಾಯದ ಮೇಲೆ ಮಂಡಿಯೂರಿ, ಇಡೀ ಮೈಭಾರ ಹಾಕಿ ಒತ್ತಿಹಿಡಿದ. “ಓಡಿದ್ವಾ?” ಎಂದು ಅವಳು ಪಿಸುಗುಟ್ಟಿದಳು.

ಭಾನುವಾರ ಹತ್ತು ಜನ ಬಂದರು. ಗಾರ್ಡ್ ಮೇಲಿನ ಗುಡ್ಡದಿಂದ ದುರ್ಬೀನಿನಲ್ಲಿ ನೋಡಿದ. ಒಬ್ಬ ಕೂತು ನಾಲಿಗೆ ಲೊಚಗುಟ್ಟಿದಂತಿತ್ತು. ಬಯಲಿನಾಚೆ ಮರಗಳ ಅಂಚಿನಲ್ಲಿದ್ದ ಹಿಂಡು ಸಿಡಿಲು ಬಡಿದ ಹಾಗೆ ಚೆಲ್ಲಾಪಿಲ್ಲಿಯಾಯಿತು. ಅವರು ಮಧ್ಯಾಹ್ನದವರೆಗೆ ಬಿಸಿಲಲ್ಲಿ ಅಲೆದು ಬರಿಗೈಯಲ್ಲಿ ಮರಳಿದರು. ಅದನ್ನು ಗಾರ್ಡ್ ಆಸ್ಪತ್ರೆಗೆ ಬಂದು ಹೇಳಿದ. ಹೋಗುವಾಗ ಬಾಗಿಲಲ್ಲಿ ನಿಂತು, “ಇನ್ನೊಂದು ವಿಷಯ. ಆ ಗಂಡು ಸತ್ತುಹೋಯ್ತು. ಕಣ್ಣು ಹೋದ ಕಡೆಯಿಂದ ಬಂದು ಇನ್ನೊಂದು ಗಂಡು ತಿವಿದು ಕೆಡವಿದೆ” ಎಂದ.

ಅವಳು ಗೋಡೆಯ ಕಡೆ ತಿರುಗಿದಳು. ಹೊಲಿಗೆ ಹಾಕಿದ ತೊಡೆ ಮಿಡಿಯುತ್ತಿತ್ತು. ಮುಖ ತಿರುಗಿಸದೆಯೇ, “ಬರ್ಕೊಳ್ಳಿ” ಎಂದಳು. ತಮ್ಮನ ಹೆಸರು ಹೇಳಿದಳು. ಅವನ ಗೆಳೆಯರಲ್ಲಿ ತನಗೆ ಗೊತ್ತಿದ್ದ ಇಬ್ಬರ ಹೆಸರೂ ಹೇಳಿದಳು. ಏನೂ ತಪ್ಪು ಮಾಡದವಕ್ಕೆ ಹೊಡೆದಾಗಿತ್ತು, ತನಗೂ ಬಿದ್ದಿತ್ತು. ಮಚ್ಚು ಹಿಡಿದವನನ್ನು ಮಾತ್ರ ಬಿಡಲು ಅವಳಿಗೆ ಕಾರಣ ಸಿಗಲಿಲ್ಲ, ರಕ್ತಸಂಬಂಧದ ಹೊರತು.

ಅಮ್ಮನಿಗೆ ಆ ಕಾರಣವೇ ಸಾಕಾಗಿತ್ತು. “ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟೆ. ಕಾಡಿನ ಪ್ರಾಣಿ ಹೆಚ್ಚಾಯ್ತು, ಒಡಹುಟ್ಟಿದವನು ಕಡಿಮೆಯಾದ” ಎಂದಳು. ಆಮೇಲೆ ಮಗಳೊಂದಿಗೆ ಮಾತು ಬಿಟ್ಟಳು. ತಮ್ಮನಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ಅವನು ತಪ್ಪೊಪ್ಪಿಕೊಂಡ. ಕೈ ಮುರಿದವರು ಯಾರೆಂದು ಪೊಲೀಸರು ಕೇಳಿದಾಗ ಜಾಕಿ ಜಾರಿತು ಎಂದ.

ಊರುಗೋಲಿನ ಮೇಲೆ ನಡೆಯಲು ಬಂದ ಮೇಲೆ ಅವಳು ಜೈಲಿನ ಭೇಟಿಯ ದಿನ ಹೋದಳು. ಉದ್ದನೆಯ ಮೇಜಿನ ಎರಡು ಬದಿಗೆ ಬೆಂಚು. ಕಾವಲಿನವನೊಬ್ಬ ಗೋಡೆಗೊರಗಿ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ತಮ್ಮ ಸೊರಗಿದ್ದ. ಅವಳ ಊರುಗೋಲನ್ನೂ ತುಟಿಯ ಗೆರೆಯನ್ನೂ ನೋಡಿದ.

“ಎಷ್ಟು ದೂರದಿಂದ ಓಡ್ತವೆ ಈಗ?”

“ಗಾಳಿ ಸರಿಯಿದ್ರೆ ನೂರೈವತ್ತು ಹೆಜ್ಜೆ.”

“ಸದ್ದು ಮಾಡಿದ್ರೆ?”

“ಇನ್ನೂ ಬೇಗ.”

ಅವನು ತಲೆಯಾಡಿಸಿದ. ಮೇಜಿನ ಮೇಲಿದ್ದ ಅವನ ಬಲಗೈ ಅರ್ಧ ಮಡಚಿದ ಹಾಗೆಯೇ ಇತ್ತು. ಬೆರಳುಗಳು ಹೊರಗೂ ಚಾಚುತ್ತಿರಲಿಲ್ಲ, ಒಳಗೂ ಮಡಚುತ್ತಿರಲಿಲ್ಲ.

“ಚಮಚ ಹಿಡೀತೀಯಾ?”

“ಎಡಗೈಲಿ. ಇದಕ್ಕೆ ಇಷ್ಟೇ ಅಂತೆ. ದಿನಾ ಯಾರಾದ್ರೂ ಮಡಚಿ ಬಿಡಿಸಿದ್ರೆ ಸ್ವಲ್ಪ ಬರಬಹುದಂತೆ. ಇಲ್ಲಿ ಯಾರು ಮಾಡ್ತಾರೆ.”

ಅವಳು ಆ ಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕಿರುಬೆರಳಿನಿಂದ ಶುರುಮಾಡಿದಳು. ಗಿಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ಅಂಗೈ ಕಡೆಗೆ ಬಗ್ಗಿಸಿದಳು. ಬೆರಳು ಒಪ್ಪಲಿಲ್ಲ. ಅವಳು ಇನ್ನಷ್ಟು ಒತ್ತಿದಳು. ಅವನ ಹಣೆಯಲ್ಲಿ ಬೆವರು ಒಡೆಯಿತು.

“ನೋಯ್ತಿದೆ ಅಕ್ಕ.”

“ಗೊತ್ತು” ಎಂದಳು. ಎರಡನೆಯ ಬೆರಳನ್ನು ಹಿಡಿದಳು.